ಮದುಮಗಳ ಹಿಂದಿನ ಗ್ವಾಡಿ

ನಮ್ಮಕ್ಕನ ಮದುವೆಯ ಆಲ್ಬಮ್ಮಿನಲ್ಲಿ ಒಂದು ಫೋಟೋ ಇದೆ. ಅಕ್ಕ ಅರಿಸಿನ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತಿದ್ದಾಳೆ, ಸುತ್ತ ಸೋದರತ್ತೆಯರು ನಿಂತಿದ್ದಾರೆ. ಫೋಟೋ ತೆಗೆದವರ ಲಕ್ಷ್ಯವೆಲ್ಲ ಅಕ್ಕನ ಮುಖದ ಮೇಲಿತ್ತು; ಹಿಂದೆ ಏನಿದೆಯೆಂದು ಅವರು ನೋಡಿರಲಿಕ್ಕಿಲ್ಲ. ಹಿಂದೆ ಇರುವುದು ಹಳೇ ಬಾಗಲಕೋಟೆಯ ನಮ್ಮ ಮನೆಯ ಪಡಸಾಲೆಯ ಗೋಡೆ. ಸುಣ್ಣ ಬಳಿದ ಗೋಡೆಯಲ್ಲೊಂದು ಮಾಡ, ಮಾಡದಲ್ಲೊಂದು ಚಿಮಣಿ ದೀಪ, ಅದರ ಮೇಲೆ ಗೋಡೆಗೆ ಹತ್ತಿದ ಮಸಿ, ಪಕ್ಕದ ಗೂಟಕ್ಕೆ ಜೋತುಬಿದ್ದ ಅಪ್ಪನ ಕೊಡೆ.

ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿಗೆ ಊರಿನ ತಗ್ಗಿನ ಭಾಗ ಹೋದಾಗ ಆ ಮನೆಯೂ ಹೋಯಿತು. ಜಲಾಶಯ ತುಂಬಿದಾಗಿನ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್ ಎಂಬ ಲೆಕ್ಕ ನಮ್ಮೂರಿನ ಮಕ್ಕಳಿಗೂ ಬಾಯಿಪಾಠ. ಮುಳುಗಡೆಯ ಪಟ್ಟಿಯಲ್ಲಿ ನಮ್ಮ ಓಣಿ ಸೇರಿತು, ನಾವು ಮುಳುಗಡೆಯಾದವರಿಗೆಂದು ಕಟ್ಟಿದ ನವನಗರದ ಸೆಕ್ಟರಿಗೆ ಬಂದೆವು. ಈಗ ಆಲ್ಬಮ್ ತೆರೆದರೆ ಅವ್ವ ಅಕ್ಕನ ಮುಖ ನೋಡುವುದಿಲ್ಲ. ಅಕ್ಕ ಹೇಗೂ ವಾರಕ್ಕೊಮ್ಮೆ ಬರುತ್ತಾಳೆ. ಅವ್ವನ ಬೆರಳು ಸೀದಾ ಮಾಡದ ಮೇಲೆ ಹೋಗುತ್ತದೆ. "ಇದ ನೋಡ, ಈ ಮಾಡದಾಗ ನಿಮ್ಮ ಮುತ್ತ್ಯಾ ಅಡಕಿ ಇಡ್ತಿದ್ದ. ಯಾರಾರ ಮುಟ್ಟಿದ್ರ ಅವಂಗ ಗೊತ್ತಾಕ್ಕಿತ್ತು."

ದಿನಾ ನೋಡುವ ಜಾಗದಲ್ಲಿ ಚಂದ ಎಲ್ಲಿರುತ್ತದೆ, ಕ್ಯಾಮರಾ ಅದನ್ನು ಹೇಗೆ ಹಿಡಿಯುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ಫೋಟೋದಿಂದಲೇ ಶುರು ಮಾಡುತ್ತೇನೆ. ತೆಗೆದ ದಿನ ಅದರ ಅರ್ಥ ಮದುಮಗಳಲ್ಲಿತ್ತು. ಇವತ್ತು ಅದು ಗೋಡೆಗೆ ಬಂದು ಕೂತಿದೆ. ಹಾಗಾದರೆ ಗೋಡೆ ಇದ್ದಾಗಲೇ ಅದನ್ನು ನೋಡಲು ಬರುವುದಿಲ್ಲವೇ? ಬರುತ್ತದೆ. ಆದರೆ ಅದಕ್ಕೆ ನಮ್ಮ ಕಣ್ಣೇ ಮೊದಲ ಅಡ್ಡಿ.

ಕೈಯನ್ನು ಪೂರ್ತಿ ಮುಂದೆ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಆ ಬೆರಳಿನ ಅಗಲ ಸುಮಾರು ಎರಡು ಡಿಗ್ರಿ. ಒಂದು ಗಳಿಗೆಯಲ್ಲಿ ಕಣ್ಣು ನಿಚ್ಚಳವಾಗಿ ನೋಡುವುದು ಹೆಚ್ಚುಕಡಿಮೆ ಅಷ್ಟೇ ಜಾಗವನ್ನು. ಉಳಿದದ್ದೆಲ್ಲ ಮಸಕು. ಇಡೀ ಕೋಣೆ ಸ್ಪಷ್ಟವಾಗಿ ಕಾಣುತ್ತಿದೆ ಎಂದು ನಮಗನಿಸುವುದು ಕಣ್ಣು ಸೆಕೆಂಡಿಗೆ ಎರಡು ಮೂರು ಸಾರಿ ಅಲ್ಲಿಂದಿಲ್ಲಿಗೆ ಜಿಗಿಯುವುದರಿಂದ, ಮತ್ತು ಮಿದುಳು ಆ ತುಣುಕುಗಳನ್ನು ಹೊಲಿದು ಜೋಡಿಸುವುದರಿಂದ. ಎಲ್ಲಿ ಜಿಗಿಯಬೇಕು ಎಂಬುದನ್ನು ನಿರ್ಧರಿಸುವುದು ಅಗತ್ಯ. ಹೊಸದು, ಅಲುಗಾಡುವುದು, ಬೇಕಾದದ್ದು, ಅಪಾಯದ್ದು ಮೊದಲು. ನಲವತ್ತು ವರ್ಷ ಅಲ್ಲೇ ಇರುವ ಮಾಡದ ಕಡೆ ಕಣ್ಣು ಹೋಗಲು ಕಾರಣವೇ ಇಲ್ಲ. ಪರಿಚಯವಾದ ಜಾಗವನ್ನು ನಾವು ನೋಡುವುದಿಲ್ಲ, ಬರೀ ದಾಟುತ್ತೇವೆ.

ಕ್ಯಾಮರಾಕ್ಕೆ ಈ ಪರಿಚಯವಿಲ್ಲ. ಅದರ ಮುಂದೆ ಮದುಮಗಳೂ ಒಂದೇ, ಚಿಮಣಿಯೂ ಒಂದೇ. ಬೆಳಕು ಎಲ್ಲಿಂದ ಬಂತೋ ಅದನ್ನಷ್ಟೂ ಬರೆದುಕೊಳ್ಳುತ್ತದೆ. ಹೊಸದಾಗಿ ಫೋಟೋ ಕಲಿಯುವವರು ಇದನ್ನು ತೊಂದರೆ ಎಂದುಕೊಳ್ಳುತ್ತಾರೆ: ಅಜ್ಜಿಯ ಮುಖ ತೆಗೆಯಲು ಹೋದರೆ ಹಿಂದಿನ ಪ್ಲಾಸ್ಟಿಕ್ ಬಕೆಟ್ಟೂ ಬಂದು ಕೂರುತ್ತದೆ. ನಿಜ, ಅದು ತೊಂದರೆಯೂ ಹೌದು. ಆದರೆ ನಮ್ಮ ಕಣ್ಣು ಬಿಟ್ಟುಹೋದದ್ದನ್ನು ಎತ್ತಿ ತೋರಿಸುವ ಶಕ್ತಿಯೂ ಅಲ್ಲೇ ಇದೆ. ಫೋಟೋದ ನಾಲ್ಕು ಅಂಚು ಇರುವುದು ಇದಕ್ಕೇ. ಅಂಚಿನ ಒಳಗೆ ಬಂದದ್ದೆಲ್ಲ "ನನ್ನನ್ನು ನೋಡು" ಎನ್ನುತ್ತದೆ. ಬಕೆಟ್ಟಿಗೆ ಆ ಮರ್ಯಾದೆ ಬೇಡವೆಂದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಬೇಕು. ಬೇಕೆಂದರೆ ಅಜ್ಜಿಯನ್ನು ಕೇಳಬೇಕು, ಆ ಬಕೆಟ್ಟಿನಲ್ಲಿ ಏನಿದೆ ಅಂತ.

ಫೋಟೋಗ್ರಫಿ ಹುಟ್ಟಿದ್ದೇ ಇಂಥ ಜಾಗದಲ್ಲಿ ಎಂಬುದು ನನಗೆ ತುಂಬ ಸಮಾಧಾನದ ಸಂಗತಿ. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1826 ಅಥವಾ 1827ರಲ್ಲಿ ತನ್ನ ಮನೆಯ ಮೇಲಿನ ಕಿಟಕಿಯಲ್ಲಿ ಕ್ಯಾಮರಾ ಇಟ್ಟು ತೆಗೆದದ್ದು ಇವತ್ತಿಗೆ ಉಳಿದಿರುವ ಅತ್ಯಂತ ಹಳೆಯ ಕ್ಯಾಮರಾ ಚಿತ್ರ. ಅದರಲ್ಲಿರುವುದು ಏನು? ಮನೆಯ ಛಾವಣಿಗಳು, ಒಂದು ಪಾರಿವಾಳದ ಗೂಡು, ಕೊಟ್ಟಿಗೆಯ ಇಳಿಜಾರು. ಚಿತ್ರ ಮೂಡುವ ತಗಡಿಗೆ ಬೆಳಕು ಹಿಡಿಯಲು ಎಷ್ಟೋ ತಾಸು ಬೇಕಾದ್ದರಿಂದ ಸೂರ್ಯ ಅತ್ತಿಂದಿತ್ತ ಸರಿದು ಎರಡೂ ಕಡೆಯ ಗೋಡೆಗಳ ಮೇಲೆ ಬಿಸಿಲು ಬಿದ್ದಂತೆ ಕಾಣುತ್ತದೆ. 1838ರಲ್ಲಿ ಲೂಯಿ ದಾಗೇರ್ ಪ್ಯಾರಿಸ್ಸಿನ ಗದ್ದಲದ ಬೀದಿಯೊಂದನ್ನು ತೆಗೆದ. ಕೆಲವು ನಿಮಿಷ ಬೆಳಕು ಹಾಯಿಸಬೇಕಿತ್ತು. ಗಾಡಿ, ಕುದುರೆ, ಜನ ಎಲ್ಲ ಅಲುಗಾಡಿ ಅಳಿಸಿಹೋದರು. ಉಳಿದದ್ದು ಒಬ್ಬ: ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಒಂದೇ ಕಡೆ ನಿಂತಿದ್ದವನು. ಪಾಲಿಶ್ ಮಾಡುತ್ತಿದ್ದವನೂ ಅವನ ಕಾಲ ಬುಡದಲ್ಲಿ ಅಸ್ಪಷ್ಟವಾಗಿ ಇದ್ದಾನೆ. ನಮಗೆ ಗೊತ್ತಿರುವ ಮಟ್ಟಿಗೆ ಫೋಟೋದಲ್ಲಿ ಸಿಕ್ಕ ಮೊದಲ ಮನುಷ್ಯರು ಇವರು. ರಾಜನೂ ಅಲ್ಲ, ದಂಡನಾಯಕನೂ ಅಲ್ಲ.

ನಮ್ಮ ಕಡೆಗೆ ಕ್ಯಾಮರಾ ಬಂದದ್ದು ಬೇರೆ ದಾರಿಯಿಂದ. ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಈಸ್ಟ್ ಇಂಡಿಯಾ ಕಂಪನಿ 1855ರಲ್ಲಿ ಸರ್ಕಾರಿ ಫೋಟೋಗ್ರಾಫರನನ್ನಾಗಿ ನೇಮಿಸಿತು. ಆತ ವಿಜಯಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳನ್ನು ತೆಗೆದ. ಅಪರೂಪದ ದಾಖಲೆ ಅದು, ಅದಿಲ್ಲದಿದ್ದರೆ ನಮಗೇ ನಷ್ಟ. ಆದರೆ ಆ ಕಾಲದ ಇಂಥ ಚಿತ್ರಗಳಲ್ಲಿ ಕಟ್ಟಡವೇ ಎಲ್ಲ. ಮನುಷ್ಯನನ್ನು ನಿಲ್ಲಿಸುತ್ತಿದ್ದದ್ದು ಎಷ್ಟೋ ಸಾರಿ ಕಂಬ ಎಷ್ಟು ಎತ್ತರ ಎಂದು ತೋರಿಸುವ ಅಳತೆಗೋಲಾಗಿ. ವಿಜಯಪುರದ ಗೋಳಗುಮ್ಮಟದ ನೆರಳಿನಲ್ಲಿ ಆಗ ಯಾರ ಮನೆಯಿತ್ತು, ಅವರ ಪಡಸಾಲೆಯಲ್ಲಿ ಏನು ನೇತುಬಿದ್ದಿತ್ತು ಎಂದು ತಿಳಿಯಲು ಚಿತ್ರವಿಲ್ಲ. ಇವತ್ತಿಗೂ ನಾವು ಹಾಗೇ. ಗೋಳಗುಮ್ಮಟದ ಮುಂದೆ ಕೈ ಎತ್ತಿ ನಿಂತು ತೆಗೆಸಿಕೊಂಡ ಫೋಟೋ ಪ್ರತಿ ಮನೆಯಲ್ಲೂ ಇದೆ. ಅದೇ ಮನೆಯ ಅಡುಗೆಮನೆಯ ಒಂದು ಒಳ್ಳೆಯ ಫೋಟೋ ಕೇಳಿ ನೋಡಿ, ಸಿಗುವುದು ಕಷ್ಟ.

ಇನ್ನು ಬೆಳಕಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಸಾಮಾನ್ಯ ಜಾಗ ಚಂದ ಕಾಣುವುದೂ ಕಾಣದಿರುವುದೂ ಮುಕ್ಕಾಲು ಪಾಲು ಇದರ ಮೇಲೇ ನಿಂತಿದೆ.

ನಮ್ಮ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇರುತ್ತದೆ. ತೊಲೆ, ಜಂತಿ, ಅದರ ಮೇಲೆ ಮಣ್ಣು ಹಾಸಿದ ಮಾಳಿಗೆಯಲ್ಲಿ ಅಲ್ಲೊಂದು ಇಲ್ಲೊಂದು ಕಿಂಡಿ. ಮಳೆ ಬಂದರೆ ಮುಚ್ಚಲು ಒಂದು ತಗಡು. ಸಣ್ಣವರಿದ್ದಾಗ ಮುಚ್ಚಿದ ತಗಡಿನ ತೂತಿನಿಂದ ಅಡುಗೆಮನೆಯ ನೆಲದ ಮೇಲೆ ಬೀಳುವ ಬೆಳಕಿನ ಬಿಲ್ಲೆಯನ್ನು ಹಿಡಿಯಲು ಹೋಗುತ್ತಿದ್ದೆವು. ಮೊಳೆ ಹೊಡೆದ ತೂತು ಅಂಕುಡೊಂಕು, ತುಕ್ಕು ತಿಂದ ತೂತು ಚೂಪುಚೂಪು, ಆದರೆ ನೆಲದ ಮೇಲಿನ ಬಿಲ್ಲೆ ಮಾತ್ರ ಗುಂಡಗೆ. ಏಕೆ? ಅದು ತೂತಿನ ಆಕಾರವಲ್ಲ, ಸೂರ್ಯನ ಚಿತ್ರ. ಸೂರ್ಯನ ಒಂದೊಂದು ಅಂಚಿನಿಂದ ಬಂದ ಕಿರಣ ಸಣ್ಣ ತೂತಿನಲ್ಲಿ ಒಂದನ್ನೊಂದು ದಾಟಿ ಕೆಳಗೆ ತಲೆಕೆಳಗಾಗಿ ಮೂಡುತ್ತದೆ. ತೂತಿನಿಂದ ನೆಲಕ್ಕೆ ಎಷ್ಟು ದೂರವೋ ಅದರ ಸುಮಾರು 108ರಲ್ಲಿ ಒಂದು ಪಾಲಿನಷ್ಟು ದೊಡ್ಡ ಬಿಲ್ಲೆ ಬೀಳುತ್ತದೆ. ಹತ್ತು ಅಡಿ ಎತ್ತರದ ಮಾಳಿಗೆಯಾದರೆ ಒಂದಿಂಚಿಗಿಂತ ತುಸು ಹೆಚ್ಚು. ಸೂರ್ಯಗ್ರಹಣದ ದಿನ ಬೇವಿನ ಮರದ ಕೆಳಗೆ ನೋಡಿ: ಎಲೆಗಳ ಸಂದಿಯಿಂದ ಬಿದ್ದ ಚುಕ್ಕೆಗಳೆಲ್ಲ ಕುಡುಗೋಲಿನಂತೆ ಬಾಗಿರುತ್ತವೆ. ಪ್ರತಿ ಚುಕ್ಕೆಯೂ ಗ್ರಹಣ ಹಿಡಿದ ಸೂರ್ಯನ ಒಂದೊಂದು ಫೋಟೋ.

ಕ್ಯಾಮರಾ ಎಂಬ ಪದಕ್ಕೆ ಲ್ಯಾಟಿನ್ನಿನಲ್ಲಿ ಕೋಣೆ ಎಂದೇ ಅರ್ಥ. ಕತ್ತಲೆ ಕೋಣೆ, ಒಂದು ತೂತು, ಎದುರಿಗೆ ಚಿತ್ರ ಬೀಳುವ ಮೈ. ಜೇಬಿನಲ್ಲಿರುವ ಫೋನಿನಲ್ಲೂ ಇದೇ ಇದೆ. ತೂತಿಗೆ ಮಸೂರ ಸೇರಿದೆ, ನೆಲದ ಬದಲು ಸೆನ್ಸರ್ ಬಂದಿದೆ. ನಮ್ಮಜ್ಜಿ ರೊಟ್ಟಿ ಬಡಿಯುತ್ತಿದ್ದ ಅಡುಗೆಮನೆ ನಿಜವಾದ ಅರ್ಥದಲ್ಲೇ ಒಂದು ಕ್ಯಾಮರಾ ಆಗಿತ್ತು. ಇದು ತಿಳಿದ ದಿನ ನನಗೆ ಆದ ಸಂತೋಷವನ್ನು ಇಷ್ಟು ವರ್ಷದ ಮೇಲೂ ಮರೆತಿಲ್ಲ.

ತಗಡು ತೆಗೆದ ಬೆಳಕಿಂಡಿ ಇನ್ನೊಂದು ಪಾಠ ಹೇಳುತ್ತದೆ. ಬೆಳಕು ಒಂದೇ ಕಡೆಯಿಂದ ಬಂದರೆ ವಸ್ತುವಿಗೆ ಮೈ ಬರುತ್ತದೆ. ಮಣ್ಣಿನ ಗೋಡೆಯನ್ನು ಮಧ್ಯಾಹ್ನ ಎದುರಿಗೆ ನಿಂತು ತೆಗೆದರೆ ಒಂದು ಕಂದು ಬಟ್ಟೆಯ ಹಾಗೆ ಚಪ್ಪಟೆ. ಅದೇ ಗೋಡೆಗೆ ಬೆಳಿಗ್ಗೆ ಏಳರ ಬಿಸಿಲು ಓರೆಯಾಗಿ, ಗೋಡೆಯನ್ನು ಸವರಿಕೊಂಡು ಹೋಗುವ ಹಾಗೆ ಬಿದ್ದಾಗ ನೋಡಿ. ಸಾರಿಸಿದವಳ ನಾಲ್ಕು ಬೆರಳಿನ ಗೆರೆ, ಅರ್ಧವೃತ್ತದ ಮೇಲೆ ಅರ್ಧವೃತ್ತ, ಎಲ್ಲ ಎದ್ದು ನಿಲ್ಲುತ್ತವೆ. ಕೂದಲೆಳೆಯಷ್ಟು ಏರಿಗೂ ಉದ್ದ ನೆರಳು ಸಿಗುತ್ತದೆ. ಅವಳ ಕೈ ಎಷ್ಟು ದೂರ ಎಟುಕುತ್ತಿತ್ತು ಎಂಬುದೂ ಆ ಗೆರೆಗಳಲ್ಲಿದೆ. ಇಂಥ ಬೆಳಕು ಅರ್ಧ ತಾಸು ಇರುತ್ತದೆ, ಅಷ್ಟೇ. ಸುಂದರ ಜಾಗಗಳನ್ನು ಹುಡುಕಿಕೊಂಡು ಊರೂರು ತಿರುಗುವುದಕ್ಕಿಂತ ಒಂದೇ ಗೋಡೆಯ ಮುಂದೆ ಬೇರೆ ಬೇರೆ ಹೊತ್ತಿನಲ್ಲಿ ನಿಲ್ಲುವುದು ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಆವಿ, ಹೊಗೆ, ಹಿಟ್ಟಿನ ಧೂಳು ತೆಗೆಯುವಾಗ ಮಾತ್ರ ಬೆಳಕು ಎದುರಿನಿಂದ ಬರಬೇಕು. ನಮ್ಮ ಬಸ್ ನಿಲ್ದಾಣದ ಹತ್ತಿರದ ಒಂದು ಖಾನಾವಳಿಗೆ ನಾನು ಆಗಾಗ ಹೋಗುತ್ತೇನೆ. ರೊಟ್ಟಿ ಬಡಿಯುವ ಅಕ್ಕ ಹಿತ್ತಲ ಬಾಗಿಲಿಗೆ ಬೆನ್ನು ಮಾಡಿ ಕೂತಿರುತ್ತಾಳೆ. ಮೊದಲು ಬಾಗಿಲ ಕಡೆಯಿಂದ ತೆಗೆದೆ: ಹೆಂಚು, ಹಿಟ್ಟು, ಕೈ, ಎಲ್ಲ ಇತ್ತು, ಏನೂ ಇರಲಿಲ್ಲ. ಆಮೇಲೆ ಒಳಗೆ ಹೋಗಿ ಬಾಗಿಲಿಗೆ ಮುಖ ಮಾಡಿ ನಿಂತೆ. ರೊಟ್ಟಿ ತಿರುವಿ ನೀರು ಸವರಿದ ಕೂಡಲೇ ಆವಿ ಬೆಳ್ಳಗೆ ಹೊತ್ತಿಕೊಂಡ ಹಾಗೆ ಎದ್ದಿತು. ಸಣ್ಣ ಕಣಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಹಿಂದಕ್ಕಿಂತ ಮುಂದಕ್ಕೇ ಹೆಚ್ಚು ಚದುರಿಸುತ್ತವೆ. ಬೆಳಕಿಗೆ ಎದುರಾಗಿ ನಿಂತವರಿಗೆ ಅವು ಹೊಳೆಯುತ್ತವೆ, ಬೆನ್ನು ಹಾಕಿದವರಿಗೆ ಕಾಣುವುದೇ ಇಲ್ಲ. ಹಿಂದೆ ಕಪ್ಪಾದ ಗೋಡೆಯೋ ನೆರಳೋ ಇದ್ದರೆ ಇನ್ನೂ ಚಂದ.

ಆ ಫೋಟೋಕ್ಕೆ ಮೊದಲು ಕೇಳಿದ್ದೆ: "ಅಕ್ಕಾರ, ಒಂದ ಫೋಟೋ ತಗೊಳ್ಳೇನ್ರಿ?"

"ನಂದೇನ್ ತಗೀತಿ ತಮ್ಮಾ, ಬೆವರ ಇಳ್ಯಾಕತ್ತೈತಿ. ರೊಟ್ಟಿ ತಗಿ."

ಅದಕ್ಕೇ ಆ ಚಿತ್ರದಲ್ಲಿ ಮುಖವಿಲ್ಲ. ಎರಡು ಕೈ, ಹಸಿರು ಬಳೆ, ಹೆಂಚಿನ ಮೇಲೆ ಏಳುವ ಆವಿ ಇದೆ. ಅವರು ಹಾಕಿದ ಗೆರೆಯೇ ಆ ಫೋಟೋದ ಚೌಕಟ್ಟಾಯಿತು. ದುಡಿಯುವವರ ಫೋಟೋ ತೆಗೆಯುವವರು ಕೇಳದೆ ತೆಗೆಯಬಾರದು, ಕೇಳಿ ತೆಗೆದ ಮೇಲೆ ಒಂದು ಪ್ರಿಂಟ್ ಕೊಡದೆ ಇರಬಾರದು. ಈ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ.

ಕ್ಯಾಮರಾದ ಒಂದು ಮೂಲ ಸ್ವಭಾವ ತಿಳಿದುಕೊಂಡರೆ ನಮ್ಮ ನೆಲದ ಫೋಟೋಗಳು ಏಕೆ ಪೇಲವವಾಗುತ್ತವೆ ಎಂಬುದು ಗೊತ್ತಾಗುತ್ತದೆ. ಮುಂದಿರುವುದು ಕಪ್ಪೋ ಬಿಳಿಯೋ ಎಂದು ಬೆಳಕಿನ ಮೀಟರಿಗೆ ತಿಳಿಯದು. ಎಲ್ಲವನ್ನೂ ಸೇರಿಸಿದರೆ ಸರಾಸರಿ ಒಂದು ನಡುವಣ ಬೂದುಬಣ್ಣ, ಬಿದ್ದ ಬೆಳಕಿನ ಶೇ. 18ರಷ್ಟನ್ನು ತಿರುಗಿ ಕಳಿಸುವಂಥದ್ದು, ಎಂದು ಅದು ಹಿಡಿದುಕೊಳ್ಳುತ್ತದೆ. ಎರಿ ಹೊಲ ತುಂಬಿದ ಫೋಟೋ ತೆಗೆದರೆ, "ಕತ್ತಲೆ ಹೆಚ್ಚಾಯಿತು" ಎಂದು ಬೆಳಕು ಏರಿಸುತ್ತದೆ. ಕರೀ ಮಣ್ಣು ಬೂದಿಯಾಗುತ್ತದೆ. ಸುಣ್ಣ ಬಳಿದ ಗುಡಿಯ ಗೋಡೆ ತೆಗೆದರೆ ಬೆಳಕು ಇಳಿಸಿ ಅದನ್ನೂ ಬೂದಿ ಮಾಡುತ್ತದೆ. ಈಗಿನ ಫೋನುಗಳು ಮುಂದಿರುವುದೇನೆಂದು ಊಹಿಸುವಷ್ಟು ಜಾಣವಾಗಿವೆ, ಆದರೂ ಈ ಚಟ ಪೂರ್ತಿ ಹೋಗಿಲ್ಲ. ಪರದೆಯ ಮೇಲೆ ಬೆರಳಿಟ್ಟು ಕೆಳಗೆ ಎಳೆದರೆ ಬೆಳಕು ಇಳಿಯುತ್ತದೆ, ಮೇಲೆ ಎಳೆದರೆ ಏರುತ್ತದೆ. ಕರಿಯದಕ್ಕೆ ಇಳಿಸಿ, ಬಿಳಿಯದಕ್ಕೆ ಏರಿಸಿ. ಕಪ್ಪು ಮಣ್ಣು ಕಪ್ಪಾಗಿಯೇ ಬರುತ್ತದೆ, ಏಪ್ರಿಲ್ಲಿನ ಬಿರುಕಿನ ಆಳವೂ ಕಾಣುತ್ತದೆ.

ನವನಗರಕ್ಕೆ ಬಂದ ಹೊಸದರಲ್ಲಿ ಇಲ್ಲಿ ತೆಗೆಯುವಂಥದ್ದೇನೂ ಇಲ್ಲ ಎಂದು ನಾನು ಬೇಸರ ಮಾಡಿಕೊಂಡಿದ್ದೆ. ನೇರ ರಸ್ತೆ, ಸಂಖ್ಯೆ ಬರೆದ ಸೆಕ್ಟರು, ಸಿಮೆಂಟಿನ ಮನೆ. ಒಂದು ದಿನ ಹಾಲು ತರಲು ಹೋದಾಗ ಬಾಗಿಲೊಂದು ಕಣ್ಣಿಗೆ ಬಿತ್ತು. ಹೊಸ ಚಪ್ಪಟೆ ಗೋಡೆಯಲ್ಲಿ ಸಾಗವಾನಿಯ ಹಳೆಯ ಎರಡು ಹಲಗೆಯ ಬಾಗಿಲು. ಮುಳುಗಡೆಯ ಮನೆಯಿಂದ ಬಿಚ್ಚಿ ತಂದದ್ದು. ಹಿತ್ತಾಳೆಯ ಬಳೆ, ಉದ್ದ ಚಿಲಕ, ಮೇಲೆ ಹಸಿರು ಬಣ್ಣ, ಅದು ಸುಲಿದಲ್ಲಿ ನೀಲಿ, ನೀಲಿ ಸುಲಿದಲ್ಲಿ ಎಣ್ಣೆ ಕುಡಿದ ಕಟ್ಟಿಗೆ. ಕೈ ಇಟ್ಟು ತಳ್ಳಿದ ಜಾಗ ಮಾತ್ರ ನುಣ್ಣಗೆ ಹೊಳೆಯುತ್ತಿತ್ತು. ಆ ಹೊಳಪು ಎರಡು ಎತ್ತರದಲ್ಲಿತ್ತು, ದೊಡ್ಡವರದೊಂದು, ಮಕ್ಕಳದೊಂದು. ಬುಡದಲ್ಲಿ ನಾಲ್ಕು ಬೆರಳಷ್ಟು ಗರಗಸದಿಂದ ಕೊಯ್ದಿದ್ದರು. ಬಾಗಿಲು ಬಹಳ ದೊಡ್ಡದಿತ್ತೇನ್ರಿ ಎಂದು ಕೇಳಿದೆ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರು ಹೇಳಿದರು: "ಬಾಗಲಾ ಅಷ್ಟ ಇತ್ತಪಾ. ಮನಿ ಸಣ್ಣದಾತು."

ಆಮೇಲೆ ಸೆಕ್ಟರಿನಿಂದ ಸೆಕ್ಟರಿಗೆ ಇಂಥ ಬಾಗಿಲು ಹುಡುಕಿಕೊಂಡು ಹೋದೆ. ಇಲ್ಲಿ ಒಂದು ಫೋಟೋ ಸಾಲದು, ಸಾಲು ಬೇಕು. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಖರ್ ಎಂಬ ದಂಪತಿ 1959ರಿಂದ ದಶಕಗಟ್ಟಲೆ ನೀರಿನ ಟ್ಯಾಂಕು, ಗಣಿಯ ಗೋಪುರ, ಕುಲುಮೆಗಳನ್ನು ಒಂದೇ ರೀತಿಯಲ್ಲಿ ತೆಗೆದರು: ಮೋಡ ಕವಿದ ಬೆಳಕು, ಎದುರಿನ ನೋಟ, ಕಪ್ಪು ಬಿಳುಪು. ಹತ್ತಾರು ಟ್ಯಾಂಕುಗಳನ್ನು ಸಾಲಾಗಿ ಇಟ್ಟು ನೋಡಿದಾಗ ಒಂದೊಂದರ ಮುಖವೂ ಬೇರೆಯಾಗಿ ಕಾಣತೊಡಗುತ್ತದೆ. ನಾನೂ ಅವರ ದಾರಿ ಹಿಡಿದೆ. ಶ್ರಾವಣದ ಮೋಡದ ದಿನಗಳಲ್ಲಿ ತೆಗೆದೆ, ನೆರಳಿನ ಜಗಳ ಇರಲಿಲ್ಲ. ಪ್ರತಿ ಬಾರಿ ಬಾಗಿಲಿನಿಂದ ಅಷ್ಟೇ ಹೆಜ್ಜೆ ದೂರ, ಫೋನು ಬಾಗಿಲಿನ ನಡುಮಟ್ಟಕ್ಕೆ ನೆಟ್ಟಗೆ. ಫೋನನ್ನು ಮೇಲೆ ವಾಲಿಸಿದರೆ ಬಾಗಿಲಿನ ತಲೆ ಕಿರಿದಾಗಿ ಗೋಪುರದಂತಾಗುತ್ತದೆ, ಏಕೆಂದರೆ ದೂರ ಹೋದ ಭಾಗ ಸಣ್ಣದಾಗಿ ಮೂಡುತ್ತದೆ. ಸೆನ್ಸರೂ ಬಾಗಿಲೂ ಸಮಾನಾಂತರ ಇದ್ದರೆ ಗೆರೆಗಳು ನೆಟ್ಟಗಿರುತ್ತವೆ. ಸಾಲಾಗಿ ಇಟ್ಟು ನೋಡಿದಾಗ ಒಂದು ಸಂಗತಿ ತಾನಾಗಿ ಎದ್ದುಬಂತು: ಹೆಚ್ಚಿನ ಬಾಗಿಲುಗಳ ಬುಡ ಕೊಯ್ದಿತ್ತು. ಒಂದೇ ಬಾಗಿಲಿದ್ದರೆ ಅದು ಬಡಗಿಯ ಲೆಕ್ಕ. ಸಾಲಿನಲ್ಲಿ ಅದು ಒಂದು ಊರಿನ ಕತೆ.

ಕಲಾದಗಿಯ ಕಡೆ ಹಳ್ಳಿಯೊಂದರಲ್ಲಿ ನನ್ನ ಸೋದರತ್ತೆಯ ಮನೆ ಇದೆ. ಮಾಳಿಗೆ ತೆಗೆಸಿ ಸ್ಲ್ಯಾಬ್ ಹಾಕಿಸುತ್ತೇವೆ ಎಂದು ಸುದ್ದಿ ಬಂದಾಗ ಮೇ ಮೊದಲ ವಾರ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ವರ್ಷಕ್ಕೆ ಎರಡು ಸಾರಿ ನೆತ್ತಿಯ ಮೇಲೆ ಬರುತ್ತಾನೆ, ಮೇ ಮೊದಲ ವಾರದಲ್ಲೊಮ್ಮೆ, ಆಗಸ್ಟಿನ ಆರಂಭ ಕಳೆಯುವ ಹೊತ್ತಿಗೆ ಮತ್ತೊಮ್ಮೆ. ಆಗಸ್ಟಿನಲ್ಲಿ ಮೋಡ. ಮೇ ತಿಂಗಳಲ್ಲಾದರೆ ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಬೆಳಕಿಂಡಿಯ ಬಿಸಿಲು ಗೋಡೆಗೆ ತಾಕದೆ ಕಂಬ ನಿಲ್ಲಿಸಿದ ಹಾಗೆ ಸೀದಾ ನೆಲಕ್ಕಿಳಿಯುತ್ತದೆ. ನಾನು ಹೋದೆ. ಅತ್ತೆ ಒಲೆಯ ಮುಂದೆ ಕೂತಿದ್ದಳು. "ಬ್ಯಾರೆ ಕಡೆ ಮಂದಿ ಗೋಳಗುಮ್ಮಟ ತಗೀತಾರ, ನೀ ನೋಡಿದ್ರ ನಮ್ಮ ಮಸಿ ಹಿಡದ ಗ್ವಾಡಿ ತಗೀತಿ" ಎಂದು ನಕ್ಕಳು. ಫೋನು ತನ್ನಷ್ಟಕ್ಕೆ ಕತ್ತಲೆಯನ್ನೆಲ್ಲ ಬೆಳಗಿಸಲು ನೋಡಿತು. ಈಗಿನ ಫೋನುಗಳು ನಾಲ್ಕಾರು ಚಿತ್ರ ಬೆಸೆದು ನೆರಳನ್ನು ಎತ್ತಿಬಿಡುತ್ತವೆ. ನಾನು ಬೆರಳಿಟ್ಟು ಕೆಳಗೆಳೆದೆ. ಬಿಸಿಲಿನ ಕಂಬ, ಅದರಲ್ಲಿ ತಿರುಗುವ ಹೊಗೆ, ಅತ್ತೆಯ ಕೈಯ ಮೇಲೊಂದಿಷ್ಟು ಬೆಳಕು, ಉಳಿದದ್ದು ಕಪ್ಪು. ನಾನು ತೆಗೆದ ಫೋಟೋಗಳಲ್ಲೇ ಒಳ್ಳೆಯದು ಎಂದುಕೊಂಡು ದೊಡ್ಡ ಪ್ರಿಂಟ್ ಹಾಕಿಸಿ ಒಯ್ದೆ.

ಅಷ್ಟೊತ್ತಿಗೆ ಸ್ಲ್ಯಾಬ್ ಬಿದ್ದಿತ್ತು. ಅತ್ತೆ ಪ್ರಿಂಟನ್ನು ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಬಿಸಿಲಿನ ಕಂಬವನ್ನಲ್ಲ, ಎಡಗಡೆಯ ಕಪ್ಪು ಮೂಲೆಯನ್ನು.

"ಇಲ್ಲಿ ನಿಮ್ಮ ಮಾವನ ಕೋಲ ಐತಲ್ಲ?"

ನನಗೆ ಕಂಡಿರಲಿಲ್ಲ. ಮಾವ ತೀರಿಕೊಂಡು ಆರು ವರ್ಷವಾಗಿತ್ತು, ಕೋಲು ಆ ಮೂಲೆಯಲ್ಲೇ ಒರಗಿಕೊಂಡಿತ್ತಂತೆ. ಮಾಳಿಗೆ ಕೆಡವಿದ ಗಡಿಬಿಡಿಯಲ್ಲಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಊರಿಗೆ ಬಂದು ಫೈಲು ತೆರೆದು ನೆರಳನ್ನು ಏರಿಸುತ್ತ ಹೋದೆ. ಬಿಸಿಲಿನ ಕಂಬ ತೆಳುವಾಯಿತು, ಹೊಗೆ ಕರಗಿತು, ಗೋಡೆ ಬೂದಿಬಣ್ಣಕ್ಕೆ ತಿರುಗಿತು. ಕೋಲು ಕಂಡಿತು, ಅದರ ಹಿಡಿಕೆಗೆ ಸುತ್ತಿದ್ದ ಅರಿವೆಯೂ ಕಂಡಿತು. ಇನ್ನೊಂದು ಪ್ರಿಂಟ್ ಹಾಕಿಸಿದೆ. ಅತ್ತೆ ಹೊಸ ಗೋಡೆಗೆ ತೂಗುಹಾಕಿದ್ದು ಅದನ್ನು.